ಒಂದೇ ಅಳತೆಯ ಮುಖಗಳು

ಫ್ಲೆಕ್ಸ್ ಅಂಗಡಿಯಲ್ಲಿ ಒಂದಷ್ಟು ಕಾಲ ಕೆಲಸ ಮಾಡಿದವರಿಗೆ ಮನುಷ್ಯರ ಮುಖ ಮುಖದಂತೆ ಕಾಣುವುದಿಲ್ಲ. ಇದು ಅಹಂಕಾರದ ಮಾತಲ್ಲ, ಸುಸ್ತಿನ ಮಾತು. ಬಸ್ಸಿನಲ್ಲಿ ಎದುರು ಸೀಟಿನವರನ್ನು ನೋಡಿದರೂ ನನಗೆ ಮೊದಲು ಹೊಳೆಯುವುದು ಇವರ ಕಿವಿ ಎಲ್ಲಿ ಕತ್ತರಿಸಬೇಕು, ಹಿಂದಿನ ಕಿಟಕಿಯನ್ನು ಹೇಗೆ ಅಳಿಸಬೇಕು ಎಂಬುದು.

ನಮ್ಮ ಅಂಗಡಿ ಚನ್ನಗಿರಿಯಲ್ಲಿದೆ, ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ. ಆರ್ಡರುಗಳು ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದಲೂ ಮೊಬೈಲಿಗೆ ಬರುತ್ತವೆ. ಫೋಟೊ ನೋಡಿದರೆ ಎಲ್ಲಿಯದೆಂದು ನಾನು ಹೇಳಬಲ್ಲೆ. ಹೊನ್ನಾಳಿಯವರು ಸೇತುವೆಯ ಮೇಲೆ ನಿಂತು ಹಿಂದೆ ಹೊಳೆ ಬರುವಂತೆ ತೆಗೆಸಿಕೊಂಡಿರುತ್ತಾರೆ. ನ್ಯಾಮತಿಯ ಹುಡುಗರು ಬೈಕಿನಿಂದ ಇಳಿಯುವುದಿಲ್ಲ. ಜಗಳೂರಿನ ಫೋಟೊಗಳಲ್ಲಿ ಬಿಸಿಲಿಗೆ ಎಲ್ಲರ ಕಣ್ಣೂ ಕಿರಿದಾಗಿರುತ್ತದೆ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಕ್ರಿಕೆಟ್ ಟೂರ್ನಮೆಂಟು, ಯಾವುದೇ ಇರಲಿ, ಮೇಲೊಂದು ದೊಡ್ಡ ಮುಖ, ಕೆಳಗೆ ಶುಭ ಕೋರುವವರ ಸಾಲು ಸಾಲು ಮುಖಗಳು. ಅವುಗಳನ್ನು ಒಂದೊಂದಾಗಿ ಕತ್ತರಿಸಿ, ಸಾಲಿಗೆ ಕೂರಿಸಿ, ಕೆಳಗೆ ಹೆಸರು ಬರೆಯುವುದು ನನ್ನ ಕೆಲಸ. ದೊಡ್ಡ ಊರಿನ ಫ್ಲೆಕ್ಸ್ ಒಂದಕ್ಕೆ ಮಧ್ಯಾಹ್ನವೆಲ್ಲ ಹಿಡಿಯುತ್ತಿತ್ತು. ಸಂಜೆಗೆ ಬೆನ್ನು ಹಲಗೆಯಾಗಿರುತ್ತಿತ್ತು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಹೊನ್ನಾಳಿ ಕಡೆಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಾ ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಅವ್ವ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಾಳೆ. ಉಬ್ರಾಣಿ ಕಡೆಯ ನಮ್ಮೂರಿನಿಂದ ಕಾಲೇಜಿಗೆ ಹೋಗಲು ಇದ್ದದ್ದು ಬೆಳಗಿನ ಒಂದು ಬಸ್ಸು. ಅದು ತಪ್ಪಿದರೆ ಆ ದಿನದ ಪಾಠವೂ ತಪ್ಪಿತು. ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು. ನಾನು ಕೀಬೋರ್ಡ್ ಬಿಟ್ಟುಕೊಡುವುದೇ ಇಲ್ಲವೆಂದು ಜೊತೆಯವಳು ಲೆಕ್ಚರರಿಗೆ ದೂರು ಕೊಟ್ಟಿದ್ದಳು. ದೂರು ನಿಜವಾಗಿತ್ತು. ಮನೆಯಲ್ಲಿ ಇನ್ನೊಂದು ಕೀಬೋರ್ಡ್ ಇರುವವರು ಬಿಟ್ಟುಕೊಡಲಿ.

ಇಷ್ಟೆಲ್ಲ ಓದಿ ಇಲ್ಲಿ ಕುಳಿತಿರುವುದಕ್ಕೆ ಊರಿನ ಬಸ್ಸಿನಲ್ಲಿ ಮಾತು ಕೇಳಬೇಕಾಗುತ್ತದೆ. "ಏನವ್ವ, ಬಿಸಿಎ ಮಾಡಿ ಬ್ಯಾನರ್ ಅಂಗಡ್ಯಾಗೆ ಅದೀಯಂತೆ?" ಎಂದು ಒಬ್ಬರು ಕೇಳಿದರೆ, "ಇರ್ಲಿ ಬಿಡ್ರಿ, ನಮ್ಮ ಮಕ ಚೆಂದ ಮಾಡಿ ಕೊಡ್ತಾಳೆ" ಎಂದು ಇನ್ನೊಬ್ಬರು ನಗುತ್ತಾರೆ. ಮೊದಮೊದಲು ಉತ್ತರ ಕೊಡುತ್ತಿದ್ದೆ. ಈಗ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚುತ್ತೇನೆ.

ಆ ಬೆನ್ನುನೋವಿನಿಂದಲೇ ನಾನು ಪ್ರೋಗ್ರಾಂ ಬರೆದದ್ದು. ಬಿಟ್‌ಮ್ಯಾಪ್ ಅಂದರೆ ಕಂಪ್ಯೂಟರ್ ಫೋಟೊವನ್ನು ಇಟ್ಟುಕೊಳ್ಳುವ ರೂಪ, ಹೆಚ್ಚೇನಲ್ಲ, ಬಣ್ಣದ ಚುಕ್ಕೆಗಳು ತುಂಬಿದ ಒಂದು ಚೌಕುಳಿ ಹಾಳೆ. ಕಂಪ್ಯೂಟರಿನ ಮೆಮೊರಿಯಲ್ಲಿ ಒಂದು ದೊಡ್ಡ ಖಾಲಿ ಹಾಳೆ ಹಾಸಿಕೊಂಡು, ಅದರ ಮೇಲೆ ಸಣ್ಣ ಹಾಳೆಗಳನ್ನು ಒಂದೊಂದಾಗಿ ಅಂಟಿಸುತ್ತಾ ಹೋದರಾಯಿತು. ಎಲ್ಲಿ ಅಂಟಿಸಬೇಕು ಎಂಬುದು ಕೂಡುವ, ಗುಣಿಸುವ ಲೆಕ್ಕ. ಫೋಟೊಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಪ್ರತಿಯೊಬ್ಬರ ಮೂಗಿನ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ, ಪ್ರೋಗ್ರಾಂ ಮೂಗಿನ ಸುತ್ತ ಚೌಕವಾಗಿ ಕತ್ತರಿಸಿ, ಒಂದೇ ಅಳತೆಗೆ ತಂದು, ಸಾಲಾಗಿ ಕೂರಿಸಿ, ಹೆಸರು ಬರೆದು ಕೊಡಬೇಕು. ಅಂಗಡಿಯ ಕೆಲಸ ಮುಗಿದ ಮೇಲೆ ಬಸ್ಸು ಬರುವವರೆಗೆ ಸಿಗುವ ಸಮಯದಲ್ಲಿ ಸ್ವಲ್ಪ ಸ್ವಲ್ಪವೇ ಬರೆದೆ.

ಮೊದಲ ಸಲ ಓಡಿಸಿದಾಗ ಅರ್ಧ ಮುಖಗಳು ಅಡ್ಡ ಬಿದ್ದಿದ್ದವು. ಮೊಬೈಲನ್ನು ಅಡ್ಡ ಹಿಡಿದಿದ್ದರೋ ಉದ್ದ ಹಿಡಿದಿದ್ದರೋ ಎಂಬುದನ್ನು ಫೋಟೊ ತನ್ನೊಳಗೇ ಗುರುತು ಇಟ್ಟುಕೊಂಡಿರುತ್ತದೆ, ನನ್ನ ಪ್ರೋಗ್ರಾಂ ಅದನ್ನು ಓದುತ್ತಿರಲಿಲ್ಲ. ಅಂಗಡಿಯ ಮಾಲೀಕರು ಚಹಾ ಲೋಟ ಹಿಡಿದು ಹಿಂದೆ ನಿಂತಿದ್ದರು.

"ಇದೇನ್ ತಂಗಿ, ಎಲ್ಲರನ್ನೂ ಮಲಗಿಸಿಬಿಟ್ಟೀಯಲ್ಲ. ಹುಟ್ಟುಹಬ್ಬದ್ದೋ ಮಣ್ಣಿಂದೋ?"

"ಎಬ್ಬಿಸ್ತೀನಿ ಅಣ್ಣ, ತಡೀರಿ."

ಎಬ್ಬಿಸಿದೆ. ಆಮೇಲೆ ದೊಡ್ಡ ಫ್ಲೆಕ್ಸ್ ಮಾಡಲು ಹೋದರೆ ಅರ್ಧಕ್ಕೆ ಪ್ರೋಗ್ರಾಂ ಸಾಯುತ್ತಿತ್ತು. ಅಂಟಿಸಿಯಾದ ಮೇಲೆ ಮೂಲ ಫೋಟೊವನ್ನು ಮೆಮೊರಿಯಿಂದ ಬಿಡಬೇಕು, ನಾನು ಎಲ್ಲವನ್ನೂ ಹಿಡಿದುಕೊಂಡೇ ಹೋಗುತ್ತಿದ್ದೆ. ಅದನ್ನೂ ಸರಿಪಡಿಸಿದೆ. ಕೊನೆಗೆ ಒಂದು ಮಧ್ಯಾಹ್ನ ಗುಂಡಿ ಒತ್ತಿದರೆ ನೀರು ಕುಡಿದು ಬರುವಷ್ಟರಲ್ಲಿ ಇಡೀ ಊರು ಸಾಲಾಗಿ ಕುಳಿತಿತ್ತು. ಮಾಲೀಕರು ಕನ್ನಡಕ ಮೇಲೇರಿಸಿಕೊಂಡು ನೋಡಿ, "ಹೆಂಗೆ ಮಾಡ್ದೆ?" ಅಂದರು. ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು. ಆ ದಿನ ಬಸ್ಸಿನಲ್ಲಿ ನಿಂತೇ ಹೋದರೂ ಕಾಲು ನೋಯಲಿಲ್ಲ.

ನಮ್ಮೂರ ಶಾಲೆಯ ಹೆಡ್‌ಮೇಷ್ಟ್ರು ನಿವೃತ್ತರಾಗುವುದಿತ್ತು. ನನಗೆ ಮಗ್ಗಿ ಕಲಿಸಿದವರು ಅವರೇ. ಊರಿನವರು ಸೇರಿ ಬೀಳ್ಕೊಡುಗೆ ಇಟ್ಟುಕೊಂಡರು. ಫ್ಲೆಕ್ಸ್ ನಮ್ಮ ಅಂಗಡಿಗೇ ಬಂತು. ಮೇಷ್ಟ್ರು ಒಂದೇ ಮಾತು ಹೇಳಿದ್ದರು, ಅದೂ ನನ್ನನ್ನು ದಾರಿಯಲ್ಲಿ ನಿಲ್ಲಿಸಿ: "ನನ್ನೊಬ್ಬಂದೇ ಮಕ ದೊಡ್ಡದಾಗಿ ಹಾಕ್ಬ್ಯಾಡವ್ವ, ನಾಚಿಕೆ ಆಗ್ತೈತೆ. ಹಾಕೋದಾದ್ರೆ ಶಾಲೆಗೆ ದುಡಿದೋರೆಲ್ಲ ಇರ್ಲಿ. ಅಡಿಗೆ ಮಾಡೋರನ್ನ ಮರೀಬ್ಯಾಡ. ನಿಮ್ಮವ್ವಂದು ಇರ್ಲೇಬೇಕು."

ಇದನ್ನು ಅವ್ವನಿಗೆ ಹೇಳಿದೆ. ಅವಳ ಫೋಟೊ ಯಾವ ಫ್ಲೆಕ್ಸ್ ಮೇಲೂ ಬಂದಿರಲಿಲ್ಲ. ನಮ್ಮ ಕಡೆ ಫ್ಲೆಕ್ಸ್‌ಗಳಲ್ಲಿ ಹೆಂಗಸರ ಮುಖ ಬರುವುದೇ ಕಡಿಮೆ, ಬಂದರೆ ಪಂಚಾಯ್ತಿಗೆ ಗೆದ್ದ ಮೆಂಬರು ಇಲ್ಲವೇ ತೀರಿಕೊಂಡ ಅಜ್ಜಿ. "ಆಧಾರ್ ಕಾರ್ಡಿನ ಫೋಟೊ ಹಾಕಿಬಿಡ್ಲಾ?" ಎಂದು ಕೇಳಿದೆ.

"ಅದು ಬ್ಯಾಡ. ಅದ್ರಾಗೆ ಪೊಲೀಸ್ನೋರು ಹಿಡಕಂಡು ಬಂದಂಗೆ ಅದೀನಿ."

ಭಾನುವಾರ ಅವಳೇ ಬಸ್ಸು ಹತ್ತಿ ಚನ್ನಗಿರಿಗೆ ಬಂದಳು. ನನ್ನ ಡಿಗ್ರಿ ಮುಗಿದಾಗ ತೆಗೆದುಕೊಂಡಿದ್ದ ಹಸಿರು ಸೀರೆ, ತಲೆಗೆ ಹೂವು. ಅಂಗಡಿಯ ಬಿಳಿ ಗೋಡೆಯ ಮುಂದೆ ನಿಲ್ಲಿಸಿ ನಾನೇ ಫೋಟೊ ತೆಗೆದೆ. ನಗು ಅಂದರೆ, "ನಗದೇ ತೆಗಿ. ಮೇಷ್ಟ್ರು ಹೋಗ್ತಾರಲ್ಲ, ನಗಾದೇನೈತೆ" ಅಂದಳು. ಮೂರ್ನಾಲ್ಕು ತೆಗೆದ ಮೇಲೆ ಎಲ್ಲವನ್ನೂ ನೋಡಿ ತಾನೇ ಒಂದನ್ನು ಆರಿಸಿದಳು. ಅದರಲ್ಲಿ ಸ್ವಲ್ಪ ನಕ್ಕಿದ್ದಳು.

ಪ್ರೋಗ್ರಾಂ ಫೋಟೊಗಳನ್ನು ಬಂದ ಕ್ರಮದಲ್ಲಿ ಕೂರಿಸುತ್ತದೆ. ಪ್ರಿಂಟಿಗೆ ಮುಂಚೆ ತೋರಿಸುವ ಮಾದರಿಗೆ ನಾವು ಪ್ರೂಫು ಅನ್ನುತ್ತೇವೆ; ಮೊದಲ ಪ್ರೂಫಿನಲ್ಲಿ ಅವ್ವ ಎರಡನೇ ಸಾಲಿನಲ್ಲಿದ್ದಳು, ಪಕ್ಕದಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು, ಈ ಕಡೆ ಹಾಲಿನ ಡೈರಿಯವರು. ಮೇಷ್ಟ್ರದ್ದು ಮಧ್ಯೆ, ಅವರು ಹೇಳಿದಂತೆ ಮಿತವಾಗಿ. ಉಳಿದವರೆಲ್ಲ ಒಂದೇ ಅಳತೆ. ರಾತ್ರಿ ಊಟಕ್ಕೆ ಕುಳಿತಾಗ ಮೊಬೈಲಿನಲ್ಲಿ ತೋರಿಸಿದೆ. ಅವ್ವ ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು.

"ಅಲ್ಲೇ, ಅಧ್ಯಕ್ಷರ ಪಕ್ಕ ಕೂರಿಸೀಯಲ್ಲ. ನಿಂತು ಮಾತಾಡಾಕೂ ಒಂದಿನ ಪುರುಸೊತ್ತಿಲ್ಲ ಅವರಿಗೆ. ಈಗ ಭುಜಕ್ಕೆ ಭುಜ."

"ಪ್ರೋಗ್ರಾಮು ಕೂರಿಸಿದ್ದು, ನಾನಲ್ಲ."

"ಒಳ್ಳೇದು ಅದು," ಅಂದು ಮೊಬೈಲನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡೇ ಊಟ ಮಾಡಿದಳು. ಪರದೆ ಆರಿದಾಗೆಲ್ಲ ಎಡಗೈ ಬೆರಳಿನಿಂದ ಮತ್ತೆ ಬೆಳಗಿಸುತ್ತಿದ್ದಳು.

ಪ್ರೂಫನ್ನು ಊರಿನವರ ಮೊಬೈಲ್ ಗ್ರೂಪಿಗೂ ಹಾಕಿದ್ದೆ. ಮರುದಿನ ಅಧ್ಯಕ್ಷರೇ ಬೈಕಿನಲ್ಲಿ ಅಂಗಡಿಗೆ ಬಂದರು. ಕೆಟ್ಟ ಮನುಷ್ಯರಲ್ಲ. ಶಾಲೆಗೆ ನೀರಿನ ಟ್ಯಾಂಕು ತರಿಸಿದವರು. ಮಾಲೀಕರು ಕುರ್ಚಿ ಒರೆಸಿ ಕೊಟ್ಟರು. ಅವರು ಕೂರದೆ ನನ್ನ ಪರದೆಯ ಹತ್ತಿರ ಬಂದರು.

"ತಂಗಿ, ಚೆನ್ನಾಗಿ ಮಾಡೀಯ. ಆದ್ರೆ ಇದೇನಿದು, ಎಲ್ಲಾ ಒಂದೇ ಸೈಜು? ರೇಷನ್ ಕಾರ್ಡಿನ ಫೋಟೊ ಇದ್ದಂಗೆ ಐತೆ."

"ಹಂಗೇ ಬರ್ತೈತ್ರಿ. ಪ್ರೋಗ್ರಾಂನಾಗೆ ಎಲ್ಲರದೂ ಒಂದೇ ಅಳತೆ."

"ನಂದಂತ ಅಲ್ಲವ್ವ. ನನಗೇನು, ಹೆಂಗಿದ್ರೂ ಆತು. ಜನ ಆಡ್ಕೋತಾರೆ. ಸಮಿತಿ ಅಂದ್ಮೇಲೆ ಸಮಿತಿಗೊಂದು ಬೆಲೆ ಇರ್ಬೇಕಲ್ಲ. ಆ ಪ್ರೋಗ್ರಾಂ ಯಾರು ಬರೆದಿದ್ದು?"

"ನಾನೇ ಬರೆದಿದ್ದು."

"ಮತ್ತೆ ನೀನೇ ತಿದ್ದು. ಸರ್ಕಾರ ಬರೆದಿದ್ರೆ ತಿದ್ದಾಕೆ ಬರ್ತಿರಲಿಲ್ಲ."

ಮಾಲೀಕರು ಅವರನ್ನು ಮೆಟ್ಟಿಲವರೆಗೆ ಬಿಟ್ಟು ಬಂದು, "ಮಾಡಿ ಮುಗಿಸು ತಾಯಿ. ಜಗಳೂರಿನೋರೂ ಇದನ್ನೇ ಕೇಳ್ತಿದ್ರು" ಅಂದರು. ಇಡೀ ಮಧ್ಯಾಹ್ನ ಕುಳಿತು ಪ್ರತಿ ಹೆಸರಿನ ಪಕ್ಕ ಒಂದು ಸಣ್ಣ ಚೌಕ ಸೇರಿಸಿದೆ. ಒಂದು ಹಾಕಿದರೆ ಸಣ್ಣದು, ಎರಡು ಹಾಕಿದರೆ ನಡು, ಮೂರು ಹಾಕಿದರೆ ದೊಡ್ಡದು. ಒಂದೇ ಸಾಲಿನಲ್ಲಿದ್ದ ಲೆಕ್ಕ ಈಗ ಹತ್ತಾರು ಸಾಲಾಯಿತು. ದೊಡ್ಡವರನ್ನು ಮೊದಲು ಮೇಲೆ ಕೂರಿಸಿ, ನಡುವಿನವರನ್ನು ಆಮೇಲೆ, ಉಳಿದ ಜಾಗಕ್ಕೆ ಉಳಿದವರನ್ನು. ಕೆಲಸದ ದೃಷ್ಟಿಯಿಂದ ಅದು ಹಿಂದಿನದಕ್ಕಿಂತ ಒಳ್ಳೆಯ ಪ್ರೋಗ್ರಾಂ. ಅದನ್ನು ಬರೆದು ಮುಗಿಸಿದಾಗ ನನಗೆ ಆದದ್ದು ತಲೆನೋವು ಮಾತ್ರ.

ಅಧ್ಯಕ್ಷರಿಗೆ ಮೂರು ಹಾಕಿದ್ದು ಮಾಲೀಕರ ಬಾಯಿಂದ ಗೊತ್ತಾಗುತ್ತಲೇ ಡೈರಿಯವರು ಫೋನ್ ಮಾಡಿದರು. ಮಾಜಿ ಅಧ್ಯಕ್ಷರು ಫೋನ್ ಮಾಡಿದರು. ಹಳೆಯ ವಿದ್ಯಾರ್ಥಿಗಳ ಸಂಘದ ಹುಡುಗ, "ಅಕ್ಕಾ, ನಮಗೆ ಎರಡಾದ್ರೂ ಹಾಕ್ರಿ, ಇಲ್ದಿದ್ರೆ ನಮ್ಮ ಹುಡುಗ್ರು ಕುರ್ಚಿ ಎತ್ತಾಕೆ ಬರಲ್ಲ" ಅಂದ. ಸಂಜೆಯ ಹೊತ್ತಿಗೆ ಮೇಲಿನ ಜಾಗವೆಲ್ಲ ತುಂಬಿ ಹೋಯಿತು. ಶಾಲೆ ಗುಡಿಸುವವರು, ನೀರು ಬಿಡುವವರು, ಅಡಿಗೆಯ ಇಬ್ಬರು ಹೆಂಗಸರು, ಎಲ್ಲ ತಳದ ಸಾಲಿಗೆ ಇಳಿದರು. ಆ ಸಾಲಿನ ಮುಖ ನಿಂಬೆಹಣ್ಣಿನಷ್ಟು. ಮೇಲಿನ ಸಾಲಿನ ಶೂ, ಪಂಚೆಗಳ ಕೆಳಗೆ ನೇರವಾಗಿ ಅವರ ತಲೆ. ದೊಡ್ಡದು ಮಾಡಿಸಿಕೊಂಡವರು ನಿಂತಿರುವ ಪೂರ್ತಿ ಫೋಟೊ ಕಳಿಸಿ, ಕತ್ತರಿಸದೆ ಹಾಕಲು ಹೇಳಿದ್ದರು.

ಹಸಿರು ಸೀರೆ ಆ ಅಳತೆಯಲ್ಲಿ ಒಂದು ಹಸಿರು ಚುಕ್ಕೆಯಾಗಿತ್ತು. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಅವ್ವನ ಹೆಸರಿನ ಪಕ್ಕ ಎರಡು ಒತ್ತಿದೆ. ಅವಳು ಡೈರಿಯವರ ಪಕ್ಕಕ್ಕೆ ಏರಿದಳು. ಮಾಲೀಕರು ಗಮನಿಸಲಿಲ್ಲ. ಇದನ್ನು ತಪ್ಪೆಂದು ನಾನು ಒಪ್ಪುವುದಿಲ್ಲ, ಇವತ್ತಿಗೂ. ಫೋನ್ ಮಾಡಿ ಕೇಳಿದವರಿಗೆಲ್ಲ ಕೊಟ್ಟಿದ್ದೆ. ಕೇಳಲು ಗೊತ್ತಿಲ್ಲದವಳಿಗೆ ಅವಳ ಮಗಳು ಕೊಟ್ಟಳು.

ಆ ರಾತ್ರಿ ಹೊಸ ಪ್ರೂಫನ್ನು ಅವ್ವ ಬಹಳ ಹೊತ್ತು ನೋಡಿದಳು. ಹಿಗ್ಗಿಸಿದಳು, ಸರಿಸಿದಳು, ಕೆಳಗೆ ಹೋದಳು.

"ಆಯಮ್ಮ ಎಲ್ಲಿ?" ಅಂದಳು. ಅವಳ ಜೊತೆ ಅಡಿಗೆ ಮಾಡುವ ಹೆಂಗಸು.

"ಕೆಳಗೆ. ಕೊನೇ ಸಾಲಿನಾಗೆ."

"ಇದಾ? ಮಕಾನೇ ಕಾಣಲ್ಲ. ನಂದ್ಯಾಕೆ ಮೇಲೈತೆ?"

"ನಾನು ಹಾಕ್ದೆ."

"ಆಯಮ್ಮನ್ನ ಕೆಳಗೆ ಹಾಕಿದ್ದು?"

"ಅದು ತಾನಾಗೇ ಹೋತು. ಜಾಗ ಇಲ್ಲವ್ವ. ಎಲ್ಲರನ್ನೂ ಮೇಲೆ ತಂದ್ರೆ ಮೇಲೆ ಅಂಬಾದೇ ಇರಲ್ಲ."

"ಸಾರಿಗೆ ಬೇಳೆ ಬೇಯಿಸೋಳು ಆಯಮ್ಮ, ಒಗ್ಗರಣೆ ಹಾಕೋಳು ನಾನು. ನಾನು ಡೈರಿಯೋರ ಪಕ್ಕ, ಆಯಮ್ಮ ಅವರ ಕಾಲಡಿ. ನಾಳೆ ಬೆಳಗ್ಗೆ ಒಲೆ ಮುಂದೆ ಆಯಮ್ಮನ ಮಕ ನೋಡೋಳು ನಾನು, ನೀನಲ್ಲ."

"ಹಂಗಾದ್ರೆ ಆಯಮ್ಮಂಗೂ ಎರಡು ಹಾಕ್ತೀನಿ."

"ಆಮೇಲೆ ಗುಡಿಸೋಳು ಕೇಳ್ತಾಳೆ. ನೀರು ಬಿಡೋನು ಕೇಳ್ತಾನೆ. ಅವರೇನು ಪುಕ್ಕಟೆ ಬಂದೋರಾ?"

"ಮತ್ತೆ ನಿಂದನ್ನೂ ಕೆಳಗೆ ಇಳಿಸ್ಲಾ?"

ಅವ್ವ ಎದ್ದು ತಟ್ಟೆ ತೊಳೆದು ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಳು. "ಇಲ್ಲ. ಆ ಸಾಲಿನಾಗೆ ಕೂರಾಕೆ ನಾನು ಸೀರೆ ಉಟ್ಕೊಂಡು ಚನ್ನಗಿರಿಗೆ ಬಂದಿರಲಿಲ್ಲ. ತೆಗೆದುಬಿಡು ನಂದು."

"ಮೇಷ್ಟ್ರು ನಿಂದು ಇರ್ಲೇಬೇಕು ಅಂದಾರೆ."

"ಮೇಷ್ಟ್ರಿಗೆ ನಾನು ಹೇಳ್ಕೋತೀನಿ."

ನಾನು ವಾದ ಮಾಡಿದೆ. ಓದಿದವಳು, ವಾದ ಮಾಡಲು ಬರುತ್ತದೆ. ನೀನು ಇಷ್ಟು ವರ್ಷ ಹೊಗೆ ಕುಡಿದದ್ದಕ್ಕೆ, ಗ್ಯಾಸು ಬರುವ ಮೊದಲು ಹಸಿ ಸೌದೆ ಊದಿದ್ದಕ್ಕೆ, ಒಂದು ಫೋಟೊ ಬಂದರೆ ಏನಾಗುತ್ತದೆ ಎಂದೆ. ಅವ್ವ ಹಾಸಿಗೆ ಹಾಸುತ್ತಾ, "ನನಗೆ ಸಾಕಾಗೈತೆ, ಬೆಳಗ್ಗೆ ಏಳ್ಬೇಕು" ಅಂದಳು. ನನಗೂ ಸಾಕಾಗಿತ್ತು. ಇಬ್ಬರೂ ಮಲಗಿದೆವು. ನಿದ್ದೆ ಇಬ್ಬರಿಗೂ ಬಂದಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಬೆಳಗ್ಗೆ ಅಂಗಡಿಗೆ ಹೋಗಿ, ಹಳೆಯ ಅಭ್ಯಾಸದಲ್ಲಿ, ಮೂರು ತಾಸಿನ ಕೆಲಸವಾದೀತೆಂದು ಕುಳಿತೆ. ಕೈಯಿಂದ ಮಾಡುತ್ತಿದ್ದ ಕಾಲದಲ್ಲಿ ಒಬ್ಬರನ್ನು ತೆಗೆದರೆ ಅಲ್ಲೊಂದು ಖಾಲಿ ಉಳಿಯುತ್ತಿತ್ತು, ಅದನ್ನು ಮುಚ್ಚಲು ಎಲ್ಲರನ್ನೂ ಸರಿಸಬೇಕಿತ್ತು. ಈಗ ಫೋಲ್ಡರಿನಿಂದ ಅವ್ವನ ಫೋಟೊ ತೆಗೆದು ಗುಂಡಿ ಒತ್ತಿದೆ. ಡೈರಿಯವರು ಒಂದು ಹೆಜ್ಜೆ ಈಚೆ ಬಂದರು, ಅವರ ಪಕ್ಕದವರು ಒಂದು ಹೆಜ್ಜೆ, ಸಾಲು ಕೂಡಿಕೊಂಡಿತು. ಎಲ್ಲೂ ಸಂದು ಕಾಣಲಿಲ್ಲ. ನಾನೇ ಬರೆದದ್ದು, ಚೆನ್ನಾಗಿ ಬರೆದಿದ್ದೆ. ಮಾಲೀಕರು "ಆತಾ?" ಅಂದರು. "ಆತು" ಅಂದೆ. ಪ್ರಿಂಟಿಗೆ ಕಳಿಸಿದೆ. ಸಂಜೆ ಅಂಚಿಗೆ ಹಗ್ಗ ಕಟ್ಟುವ ರಿಂಗು ಹೊಡೆಸಿ, ಸುತ್ತಿ, ಬಸ್ಸಿನಲ್ಲಿ ಡ್ರೈವರ್ ಪಕ್ಕ ಇಟ್ಟುಕೊಂಡು ಊರಿಗೆ ತಂದೆ.

ಬೀಳ್ಕೊಡುಗೆಯ ದಿನ ಫ್ಲೆಕ್ಸನ್ನು ಶಾಲೆಯ ಮುಂದೆ ಮರದ ಚೌಕಟ್ಟಿಗೆ ಬಿಗಿದಿದ್ದರು. ಬಂದವರೆಲ್ಲ ಮೊದಲು ಅಲ್ಲಿಗೆ ಹೋಗಿ ತಮ್ಮ ತಮ್ಮ ಮುಖ ಹುಡುಕಿ, ಸಿಕ್ಕ ಮೇಲೆ ಪಕ್ಕದವರಿಗೆ ತೋರಿಸಿ, ಮುಂದೆ ಹೋಗುತ್ತಿದ್ದರು. ಅಧ್ಯಕ್ಷರು ತಮ್ಮ ಫೋಟೊದ ಕೆಳಗೆ ನಿಂತು ಇನ್ನೊಂದು ಫೋಟೊ ತೆಗೆಸಿಕೊಂಡರು. ಅವ್ವನ ಜೊತೆಯ ಅಡಿಗೆಯ ಹೆಂಗಸೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಬಗ್ಗಿ ನೋಡಿದಳು. "ಇದೇನಾ ನಾನು? ಇರುವೆ ಇದ್ದಂಗೆ ಅದೀನಿ" ಎಂದು ನಕ್ಕು ಒಳಗೆ ಹೋದಳು.

ಮೇಷ್ಟ್ರು ಬಿಳಿ ಅಂಗಿ ಹಾಕಿಕೊಂಡು ಬಂದರು. ವೇದಿಕೆಗೆ ಕರೆದರೂ ಹೋಗದೆ ಫ್ಲೆಕ್ಸಿನ ಮುಂದೆ ನಿಂತರು. ಜೇಬಿನಿಂದ ಓದುವ ಕನ್ನಡಕ ತೆಗೆದು ಹಾಕಿಕೊಂಡು ಮೇಲಿನಿಂದ ಒಂದೊಂದೇ ಸಾಲು ನೋಡುತ್ತಾ ಬಂದರು. ಹಾಜರಿ ಕೂಗುವಾಗ ಅವರ ತುಟಿ ಅಲ್ಲಾಡುತ್ತಿದ್ದ ಹಾಗೆಯೇ ಅಲ್ಲಾಡುತ್ತಿತ್ತು. ಕೊನೆಯ ಸಾಲಿಗೆ ಮಂಡಿ ಬಗ್ಗಿಸಿದರು. ಆಮೇಲೆ ಮತ್ತೆ ಮೇಲಿನಿಂದ ಶುರು ಮಾಡಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ.

"ನಿಮ್ಮವ್ವ ಎಲ್ಲಿ ಅದಾಳವ್ವ?" ಅಂದರು.

"ಇಲ್ಲ ಸಾರ್."

"ಜಾಗ ಸಾಲಲಿಲ್ವಾ?"

"ಜಾಗ ಇತ್ತು ಸಾರ್. ಅವ್ವನೇ ಒಲ್ಲೆ ಅಂದ್ಲು."

ಅವರು ಮೇಲಿನ ದೊಡ್ಡ ಫೋಟೊಗಳನ್ನೂ ಕೆಳಗಿನ ಸಾಲನ್ನೂ ಇನ್ನೊಮ್ಮೆ ನೋಡಿದರು. ಕೇಳಬೇಕಾದ್ದು ಇನ್ನೇನೂ ಇರಲಿಲ್ಲವೆಂದು ಕಾಣುತ್ತದೆ, ಕನ್ನಡಕ ತೆಗೆದು ಒರೆಸತೊಡಗಿದರು. ಅಷ್ಟರಲ್ಲಿ ಅಡಿಗೆ ಕೋಣೆಯ ಬಾಗಿಲಿಗೆ ಅವ್ವ ಬಂದಳು. ಕೈಯಲ್ಲಿ ಸ್ಟೀಲಿನ ಲೋಟ.

"ಅಲ್ಲೇನು ಹುಡುಕ್ತೀರಿ ಸಾರ್, ನಾನು ಇಲ್ಲಿದೀನಿ. ಪಾಯಸ ರುಚಿ ನೋಡ್ರಿ ಬರ್ರಿ. ನೀವು ನೋಡದೆ ಮಕ್ಕಳಿಗೆ ಬಡಿಸಂಗಿಲ್ಲ."

ಮೇಷ್ಟ್ರು ಹೋಗಿ ಅಡಿಗೆ ಕೋಣೆಯ ಮೆಟ್ಟಿಲಿನ ಮೇಲೆ ಕುಳಿತರು. ಮೈಕಿನಲ್ಲಿ ಅಧ್ಯಕ್ಷರು, ಸನ್ಮಾನಿತರು ದಯವಿಟ್ಟು ವೇದಿಕೆಗೆ ಬರಬೇಕು ಎಂದು ಕರೆದರು. ಇನ್ನೊಮ್ಮೆ ಕರೆದರು. ಪಾಯಸ ಬಿಸಿ ಇತ್ತು. ಮೇಷ್ಟ್ರು ಊದಿ ಊದಿ ಕುಡಿಯುತ್ತಿದ್ದರು. ಅವ್ವ ಬಾಗಿಲಿಗೆ ಒರಗಿ ಏನೋ ಹೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ಲೋಟ ಖಾಲಿಯಾಗುವವರೆಗೂ ಅವರು ಏಳಲಿಲ್ಲ.